1966ರ ಅಲಿ, 1988ರ ಟೈಸನ್: ನಾನು ಅಲಿ ಕಡೆ

ನಾನೂ ನನ್ನ ಫ್ರೆಂಡೂ ಹತ್ತು ವರ್ಷದಿಂದ ಒಂದೇ ವಿಷ್ಯಕ್ಕೆ ಕಿತ್ತಾಡ್ತಾ ಇದೀವಿ. ಮೊಹಮ್ಮದ್ ಅಲಿ, ಮೈಕ್ ಟೈಸನ್ ಇಬ್ರೂ ಒಂದೇ ಬಾಕ್ಸಿಂಗ್ ರಿಂಗಿಗೆ ಇಳಿದ್ರೆ ಯಾರು ಗೆಲ್ತಾರೆ? ಮೊನ್ನೆ ರಾತ್ರಿ ಫೋನಲ್ಲಿ ಮತ್ತೆ ಶುರುವಾಯ್ತು, ಒಂದೂವರೆ ಗಂಟೆ ಆದ್ರೂ ಮುಗೀಲಿಲ್ಲ, ಅದಕ್ಕೆ ನನ್ನ ಕಡೆ ವಾದ ಪೂರ್ತಿ ಬರೆದೇ ಬಿಡೋಣ ಅಂತ ಕೂತಿದೀನಿ.

ಮೊದ್ಲು ಯಾವ ಅಲಿ, ಯಾವ ಟೈಸನ್ ಅನ್ನೋದು ಇತ್ಯರ್ಥ ಆಗ್ಬೇಕು. ಅರ್ಧ ಜಗಳ ಇಲ್ಲೇ ಹುಟ್ಟೋದು. ಅಲಿ ಅಂದ ತಕ್ಷಣ ತುಂಬಾ ಜನಕ್ಕೆ 1974ರಲ್ಲಿ ಫೋರ್‌ಮನ್ ಎದುರು ಹಗ್ಗಕ್ಕೆ ಒರಗಿ ಏಟು ತಿಂದ ಅಲಿ ಕಣ್ಮುಂದೆ ಬರ್ತಾನೆ, ಟೈಸನ್ ಅಂದ್ರೆ ಹೋಲಿಫೀಲ್ಡ್ ಕಿವಿ ಕಚ್ಚಿದ ಟೈಸನ್. ಇಬ್ರೂ ಬೇಡ. ನನಗೆ ಬೇಕಾಗಿರೋದು 1966ರ ನವೆಂಬರ್ 14ರಂದು ಹ್ಯೂಸ್ಟನ್ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನ ಮೂರೇ ರೌಂಡಲ್ಲಿ ಮುಗಿಸಿದ 24 ವರ್ಷದ ಅಲಿ, ಮತ್ತೆ 1988ರ ಜೂನ್ 27ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಮೈಕಲ್ ಸ್ಪಿಂಕ್ಸ್‌ನ 91 ಸೆಕೆಂಡಲ್ಲಿ ಮಲಗಿಸಿದ ಟೈಸನ್, ಅವನಿಗಿನ್ನೂ 22 ತುಂಬೋಕೆ ಮೂರು ದಿನ ಬಾಕಿ ಇತ್ತು. ಅಲಿ ವಿಲಿಯಮ್ಸ್‌ನ ಉರುಳಿಸಿದ ರಾತ್ರಿ ಟೈಸನ್ ನಾಲ್ಕೂವರೆ ತಿಂಗಳ ಕೂಸು. ಇದನ್ನ ಯೋಚಿಸಿದಾಗೆಲ್ಲ ನಂಗೆ ಒಂಥರಾ ಆಗುತ್ತೆ, ಕಾಲ ಒಂದಿಷ್ಟು ಆ ಕಡೆ ಈ ಕಡೆ ಆಗಿದ್ರೆ ನಿಜವಾಗ್ಲೂ ಈ ಫೈಟ್ ಆಗ್ತಿತ್ತಲ್ಲ ಅಂತ.

1966ರ ಅಲೀನೇ ಯಾಕೆ ಅಂದ್ರೆ, ಮುಂದಿನ ವರ್ಷ ಸೈನ್ಯಕ್ಕೆ ಸೇರಲ್ಲ ಅಂದಿದ್ದಕ್ಕೆ ಅವನ ಟೈಟಲ್ ಕಿತ್ಕೊಂಡ್ರು, ಮೂರೂವರೆ ವರ್ಷ ರಿಂಗೇ ಇಲ್ಲ. 1970ರ ಅಕ್ಟೋಬರಲ್ಲಿ ವಾಪಸ್ ಬಂದಾಗ ತಲೆ ಅದೇ, ಧೈರ್ಯ ಅದೇ, ಕಾಲು ಮಾತ್ರ ಮೊದಲಿನ ಕಾಲಲ್ಲ. ಅವನ ಒಳ್ಳೇ ವರ್ಷಗಳನ್ನ ನಾವ್ಯಾರೂ ನೋಡ್ಲೇ ಇಲ್ಲ, ಆ ಹೊಟ್ಟೆಯುರಿ ನಂಗೆ ಇವತ್ತಿಗೂ ಹೋಗಿಲ್ಲ.

ಈಗ ಅಳತೆ ನೋಡಿ. ಅಲಿ 6 ಅಡಿ 3 ಇಂಚು, ರೀಚ್ (ಎರಡೂ ಕೈ ಚಾಚಿದಾಗ ತುದಿಯಿಂದ ತುದಿಗೆ ಅಳತೆ) 78 ಇಂಚು. ಟೈಸನ್ 5 ಅಡಿ 10, ರೀಚ್ 71. ಏಳು ಇಂಚು ವ್ಯತ್ಯಾಸ. ನಾನು ಇದನ್ನ ಹೇಳಿದ ಕೂಡ್ಲೆ ನನ್ನ ಫ್ರೆಂಡ್ ಶುರು ಹಚ್ಕೋತಾನೆ, "ಲೋ, ಫ್ರೇಜಿಯರ್ ಕೈ ಏನು ಉದ್ದ ಇತ್ತಾ? ಬೀಳಿಸಿಲ್ವಾ ಅಲೀನ?"

ಬೀಳಿಸ್ದ, ಅಲಿ ಕಾಲದ ಇನ್ನೊಬ್ಬ ಚಾಂಪಿಯನ್ ಜೋ ಫ್ರೇಜಿಯರ್. ಒಪ್ಕೋತೀನಿ. ಅಲಿಗೆ ಎಡಗೈ ಹುಕ್, ಅಂದ್ರೆ ಪಕ್ಕದಿಂದ ಬಾಗಿ ಬರೋ ಏಟು, ಮೊದಲಿಂದ್ಲೂ ಕಂಟಕ. 1963ರಲ್ಲಿ ವೆಂಬ್ಲಿಯಲ್ಲಿ ಹೆನ್ರಿ ಕೂಪರ್ ಹೊಡೆದದ್ದನ್ನ ನಾನು ನಿಲ್ಲಿಸಿ ನಿಲ್ಲಿಸಿ ನೋಡಿದೀನಿ. ನಾಲ್ಕನೇ ರೌಂಡ್ ಮುಗಿಯೋ ಹೊತ್ತು, ಅಲಿ ಕೈ ಕೆಳಗಿದೆ, ಹಿಂದೆ ಸರೀತಾ ಇದಾನೆ, ಹಗ್ಗ ಬಂದುಬಿಡ್ತು, ಇನ್ನು ಸರಿಯೋಕೆ ಜಾಗ ಇಲ್ಲ, ಆ ಕ್ಷಣಕ್ಕೆ ಸರಿಯಾಗಿ ಕೂಪರ್ ಎಡಗೈ ದವಡೆಗೆ ಬಿತ್ತು. ಅಲಿ ಹಗ್ಗಕ್ಕೆ ತಾಗಿ ಜಾರಿ ಕೂತ, ಎದ್ದ, ಗಂಟೆ ಹೊಡೀತು, ಬದುಕ್ದ. ಹಿಂದಕ್ಕೆ ವಾಲಿ ಏಟು ತಪ್ಪಿಸ್ಕೊಳ್ಳೋದು ಅವನ ಅಭ್ಯಾಸ, ಬೆನ್ನ ಹಿಂದೆ ಹಗ್ಗ ಇಲ್ಲದಷ್ಟು ಹೊತ್ತು ಅದು ಚೆನ್ನಾಗಿ ನಡೆಯುತ್ತೆ. ಟೈಸನ್ ಕೆಲ್ಸಾನೇ ಎದುರಾಳಿನ ಹಗ್ಗಕ್ಕೆ ತಳ್ಳೋದು. ಸ್ಪಿಂಕ್ಸ್ ಗತಿ ನೋಡಿ, ಮೊದ್ಲು ಹೊಟ್ಟೆಗೊಂದು ಬಿತ್ತು, ಮಂಡಿಯೂರಿದ, ಎದ್ದು ಬಂದು ಮತ್ತೆ ಕೈ ಎತ್ತೋಷ್ಟರಲ್ಲಿ ಮುಗೀತು. ಅದುವರೆಗೂ ಒಂದೂ ಫೈಟ್ ಸೋತಿರ್ಲಿಲ್ಲ ಆ ಮನುಷ್ಯ.

ಆದ್ರೆ ಫ್ರೇಜಿಯರ್ ಬೇರೆ, ಟೈಸನ್ ಬೇರೆ. ನನ್ನ ವಾದ ನಿಂತಿರೋದೇ ಇದ್ರ ಮೇಲೆ. ಇಬ್ರೂ ಗಿಡ್ಡ, ಇಬ್ರಿಗೂ ಎಡಗೈ ಹುಕ್, ಇಬ್ರೂ ಮುಂದೆ ಮುಂದೆ ನುಗ್ತಾರೆ, ಅಷ್ಟಕ್ಕೇ ಒಂದೇ ಥರ ಅಂದ್ಬಿಡೋದು ತಪ್ಪು. ಫ್ರೇಜಿಯರ್ ನಿಧಾನಕ್ಕೆ ಬಿಸಿ ಏರೋ ಗಿರಾಕಿ, 1971ರ ಮಾರ್ಚ್ 8ರಂದು ಅಲೀನ ಬೀಳಿಸಿದ್ದು 15ನೇ ರೌಂಡಲ್ಲಿ! ಅಷ್ಟೊತ್ತು ಒಂದೇ ಸಮ ಒತ್ತಿ ಒತ್ತಿ ಆಮೇಲೆ ಬೀಳಿಸಿದ್ದು. ಟೈಸನ್ ಉಲ್ಟಾ. ಅವನ ಅಬ್ಬರ ಎಲ್ಲಾ ಮೊದಲ ನಾಲ್ಕು ರೌಂಡು, ಅದರಾಚೆ ಎಳೆದ್ರೆ ಒಂದರ ಹಿಂದೆ ಒಂದು ಬೀಳೋ ಕಾಂಬಿನೇಷನ್ ಹೋಗಿ ಒಂದೊಂದೇ ಏಟು ಬರೋಕೆ ಶುರುವಾಗುತ್ತೆ.

ಇಲ್ಲಿ ಎಲ್ರೂ 1990ರ ಟೋಕಿಯೋ ಫೈಟ್ ಎತ್ತಾರೆ, ಬಸ್ಟರ್ ಡಗ್ಲಸ್ 10ನೇ ರೌಂಡಲ್ಲಿ ನಾಕೌಟ್ ಮಾಡಿದ್ದು. ನಾನು ಎತ್ತಲ್ಲ. ಅಷ್ಟೊತ್ತಿಗೆ ಟೈಸನ್ ತನ್ನ ಟ್ರೇನರ್ ಕೆವಿನ್ ರೂನಿನ ಬಿಟ್ಟಾಗಿತ್ತು, ಏಟು ತಪ್ಪಿಸೋಕೆ ತಲೆ ಆಡಿಸೋದೇ ಮರೆತಿದ್ದ, ಅದು ನಾನು ಆರಿಸಿಕೊಂಡಿರೋ ಟೈಸನ್ ಅಲ್ಲ. ಒಳ್ಳೇ ದಿನಗಳ ಟೈಸನ್ನೇ ತಗೊಳ್ಳಿ. 1986ರಲ್ಲಿ ಜೇಮ್ಸ್ ಟಿಲ್ಲಿಸ್, ನಾಲ್ಕನೇ ರೌಂಡಲ್ಲಿ ಬಿದ್ರೂ ಓಡಾಡ್ಕೊಂಡು ಹತ್ತೂ ರೌಂಡ್ ನಿಂತ. 1987ರಲ್ಲಿ ಟೋನಿ ಟಕ್ಕರ್, ಉದ್ದ ಆಸಾಮಿ, 12 ರೌಂಡ್ ನಿಂತ. ಕಾಲಾಡಿಸೋನು, ಜ್ಯಾಬ್ (ಮುಂದಿನ ಕೈಯ ನೇರ, ಚುರುಕು ಏಟು) ಹಾಕೋನು, ಹತ್ರ ಬಂದ್ರೆ ತಬ್ಕೊಳ್ಳೋನು, ಇವ್ರಿಗೆ ಟೈಸನ್ ಹತ್ರ ಸುಲಭದ ಉತ್ತರ ಇರ್ಲಿಲ್ಲ. ಈ ಮೂರೂ ಕೆಲ್ಸಾನ ಅಲಿಗಿಂತ ಚೆನ್ನಾಗಿ ಮಾಡಿದ ಹೆವಿವೇಟ್ ಇದ್ರೆ ತೋರ್ಸಿ.

ಇನ್ನೊಂದು ವಿಷ್ಯ. ಕೈ ಎರಡೂ ಕೆನ್ನೆಗೆ ಒತ್ಕೊಂಡು ಒಳಗೆ ನುಗ್ಗೋ ಆ ಪೀಕಾಬೂ ಸ್ಟೈಲು ಟೈಸನ್‌ಗೆ ಕಲ್ಸಿದ್ದು ಕಸ್ ಡಮಾಟೊ, ಅದೇ ಗುರು ಹತ್ರ ಕಲಿತೋನು ಫ್ಲಾಯ್ಡ್ ಪ್ಯಾಟರ್ಸನ್. 1965ರ ನವೆಂಬರ್ 22ಕ್ಕೆ ಅಲಿ ಪ್ಯಾಟರ್ಸನ್‌ನ ಹನ್ನೆರಡನೇ ರೌಂಡಲ್ಲಿ ಸೋಲಿಸ್ದ, ಸರಿಯಾಗಿ 21 ವರ್ಷ ಆದ್ಮೇಲೆ ಅದೇ ತಾರೀಖಿಗೆ ಟೈಸನ್ ಚಾಂಪಿಯನ್ ಆದ. ಹಂಗಂತ ಇದಕ್ಕೆ ಪೂರ್ತಿ ಮಾರ್ಕ್ಸ್ ಕೊಡೋಕಾಗಲ್ಲ, ಪ್ಯಾಟರ್ಸನ್‌ಗೆ ಅವತ್ತು ಬೆನ್ನು ನೋವಿತ್ತು, ತೂಕಾನೂ 200 ಪೌಂಡ್ ಇರ್ಲಿಲ್ಲ, ಟೈಸನ್ 218. ಆದ್ರೂ ಆ ಲಯ ಅಲಿ ಕಣ್ಣಿಗೆ ಹೊಸದಲ್ಲ ಅನ್ನೋದಂತೂ ನಿಜ.

ರೂಲ್ಸ್ ಬಗ್ಗೆ ಒಂದೇ ಮಾತು. ಅಲಿ ಕಾಲದಲ್ಲಿ ಟೈಟಲ್ ಫೈಟ್ 15 ರೌಂಡ್, 1982ರಲ್ಲಿ ಫೈಟಲ್ಲಿ ಏಟು ತಿಂದು ಬಾಕ್ಸರ್ ಡುಕ್ ಕೂ ಕಿಮ್ ತೀರ್ಕೊಂಡ ಮೇಲೆ ಮೆಲ್ಲಗೆ 12ಕ್ಕೆ ಇಳೀತು. ನನಗೆ 12 ಆದ್ರೂ ಸಾಕು. ಮೊದಲ ಮೂರು ರೌಂಡಲ್ಲಿ ಎರಡು ಟೈಸನ್‌ದು, ಅಲಿ ಒಂದ್ಸಲ ಕೆಳಗೂ ಬೀಳ್ತಾನೆ ಅಂತ್ಲೇ ಇಟ್ಕೊಳ್ಳಿ. ಆದ್ರೆ ಏಳ್ತಾನೆ, ಕೂಪರ್ ಹೊಡೆದಾಗ್ಲೂ ಎದ್ದ, ಫ್ರೇಜಿಯರ್ ಹೊಡೆದಾಗ್ಲೂ ಎದ್ದ. ಐದರಿಂದ ಜ್ಯಾಬ್ ತಾಗೋಕೆ ಶುರು, ಎಂಟರ ಹೊತ್ತಿಗೆ ಟೈಸನ್ ಕಣ್ಣು ಊದ್ಕೊಳ್ಳುತ್ತೆ, ಹತ್ತು ಇಲ್ಲಾ ಹನ್ನೊಂದರಲ್ಲಿ ರೆಫರಿ ನಿಲ್ಲಿಸ್ತಾನೆ.

ಮೊನ್ನೆ ಇಷ್ಟು ಹೇಳಿದ್ಮೇಲೆ ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳ್ದ, "ರೆಫರಿ ಯಾರು?" ಒಳ್ಳೇ ಪ್ರಶ್ನೆ, ಹತ್ತು ವರ್ಷದಲ್ಲಿ ಅವನು ಕೇಳಿದ ಅತಿ ಒಳ್ಳೇ ಪ್ರಶ್ನೆ. 1974ರ ಎರಡನೇ ಫ್ರೇಜಿಯರ್ ಫೈಟಲ್ಲಿ ಅಲಿ ಕತ್ತು ಹಿಡ್ಕೊಂಡು ಹಿಡ್ಕೊಂಡು ಗೆದ್ದ, ಅದು ಫೌಲ್ ಆದ್ರೂ ರೆಫರಿ ಟೋನಿ ಪೆರೆಜ್ ಒಂದು ಪಾಯಿಂಟೂ ಕಳೀಲಿಲ್ಲ. 1987ರಲ್ಲಿ ಬೋನ್‌ಕ್ರಷರ್ ಸ್ಮಿತ್ ಟೈಸನ್‌ನ ಅದೇ ಥರ ತಬ್ಕೊಂಡಿದ್ದಕ್ಕೆ ಮಿಲ್ಸ್ ಲೇನ್ ಎರಡು ಪಾಯಿಂಟ್ ಕಿತ್ಕೊಂಡ. ಪೆರೆಜ್ ಆದ್ರೆ ಅಲಿ, ಲೇನ್ ಆದ್ರೆ ಟೈಸನ್ ಅಂತ ಅವನ ಲೆಕ್ಕ.

ಲೇನ್‌ನೇ ಹಾಕೋ ಅಂದೆ. ಹಿಡ್ಕೊಂಡು ನಿಲ್ತಿದ್ದದ್ದು ಕಾಲು ಸೋತ 1974ರ ಅಲಿ. 1966ರವನಿಗೆ ಯಾರನ್ನೂ ಹಿಡ್ಕೊಳ್ಳೋ ಅವಶ್ಯಕತೆನೇ ಇರ್ಲಿಲ್ಲ.