ಕಪ್ಪೆಗೂ ಪೊಸಿಷನ್ ಕೊಟ್ಟಿದ್ದಾರೆ

ನಾನು ಎಕ್ಸ್-ರೇ ಟೆಕ್ನಿಷಿಯನ್. ಕಳೆದ ತಿಂಗಳು ನೈಟ್ ಡ್ಯೂಟಿಯಲ್ಲಿ ಕೇಸುಗಳೇ ಇರಲಿಲ್ಲ. ಸುಮ್ನೆ ಮೊಬೈಲ್ ನೋಡುತ್ತಿದ್ದಾಗ ಎರಡು ಕಪ್ಪೆಗಳ ಎಕ್ಸ್-ರೇ ಕಣ್ಣಿಗೆ ಬಿತ್ತು. 1896ರದ್ದು! ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ, ಅದೂ ಕಲಾಕೃತಿಗಳ ಜೊತೆ.

ಎಕ್ಸ್-ರೇ ಕಂಡುಹಿಡಿದ ರಾಂಟ್‌ಜೆನ್ ತಮ್ಮ ಹೊಸ ಕಿರಣದ ವಿಷಯ ಹೊರಹಾಕಿದ್ದು 1895ರ ಡಿಸೆಂಬರ್ ಕೊನೆಗೆ. ಮುಂದಿನ ವರ್ಷದ ಆರಂಭದಲ್ಲೇ ವಿಯೆನ್ನಾದ ಯೋಸೆಫ್ ಮರಿಯಾ ಏಡರ್ ಮತ್ತು ಎಡುವಾರ್ಡ್ ವಾಲೆಂಟಾ 15 ಚಿತ್ರಗಳ ಸಂಪುಟ ತಂದೇಬಿಟ್ಟರು. ನಾನು ನೋಡಿದ ಕಪ್ಪೆಗಳು ಅದರಲ್ಲಿನವೇ. ಜೊತೆಗೆ ಮೀನು, ಇಲಿ, ಹಾವು, ಗೋಸುಂಬೆ, ಮನುಷ್ಯರ ಕೈಕಾಲು ಎಲ್ಲ ಇವೆ. ಇಬ್ಬರೂ ವೈದ್ಯರಲ್ಲ, ಫೋಟೋಗ್ರಫಿಯ ರಸಾಯನಶಾಸ್ತ್ರ ಅರೆದು ಕುಡಿದವರು.

ಕಪ್ಪೆಗಳಲ್ಲಿ ಒಂದು ಬೋರಲು, ಇನ್ನೊಂದು ಅಂಗಾತ. ನಾವು ದಿನಾ ಹೇಳುವ ಪ್ರೋನ್, ಸುಪೈನ್ ಅದೇ ತಾನೇ? ಬೆರಳಿನ ಸಣ್ಣ ಮೂಳೆಗಳನ್ನೂ ಎಣಿಸಬಹುದು. ಆಗಿನ ಟ್ಯೂಬುಗಳಿಗೆ ಎಕ್ಸ್‌ಪೋಷರ್ ನಿಮಿಷಗಟ್ಟಲೆ ಬೇಕಿತ್ತು. ನಮ್ಮಲ್ಲಿ ಅರೆ ಕ್ಷಣ ಉಸಿರು ಹಿಡಿಯಿರಿ ಅಂದರೂ ಪೇಷಂಟ್ ಅಲುಗಾಡುತ್ತಾರೆ!

ಹಾವನ್ನು ಸುತ್ತಿ ಮಲಗಿಸಿದ್ದಾರೆ. ಉದ್ದದ ಹಾವು ಪ್ಲೇಟಿನಲ್ಲಿ ಹಿಡಿಯಬೇಕಲ್ಲ, ಸುತ್ತಲೇಬೇಕು. ಆದರೆ ಆ ಬಳುಕು ಕೈಗೆ ಬಂದ ಹಾಗೆ ಇಟ್ಟಿದ್ದಲ್ಲ ಅನ್ನೋದು ನನ್ನಂಥವನಿಗೆ ಥಟ್ಟನೆ ಗೊತ್ತಾಗುತ್ತದೆ. ಅದಕ್ಕೇ ಪಕ್ಕೆಲುಬುಗಳು ಮಲ್ಲಿಗೆ ದಂಡೆಯ ಹಾಗೆ ಒತ್ತೊತ್ತಾಗಿ ಸಾಗುತ್ತವೆ. ಮೂಳೆ ಸರಿಯಾಗಿ ಕಾಣಲಿ ಅಂತ ಮಾಡಿದ ಕೆಲಸವೇ ಚಂದವೂ ಆಗಿದೆ. ಮುದ್ರಿಸಿದ್ದೂ ಫೋಟೋಗ್ರಾವ್ಯೂರ್‌ನಲ್ಲಿ. ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತುವ ವಿಧಾನ ಅದು. ಬರೀ ದಾಖಲೆ ಸಾಕು ಅನ್ನುವವರು ಇಷ್ಟು ಕಷ್ಟ ಯಾಕೆ ಪಡುತ್ತಾರೆ?

ನನಗೆ ಜಾಸ್ತಿ ಹಿಡಿಸಿದ್ದು ಆಗಷ್ಟೇ ಹುಟ್ಟಿದ ಮೊಲದ ಮರಿ. ಎಳೆ ಮರಿ, ಕೀಲುಗಳ ಹತ್ತಿರ ಇನ್ನೂ ಮೂಳೆಯಾಗಿಲ್ಲ, ಮೃದ್ವಸ್ಥಿ ಮಾತ್ರ. ಅದು ಎಕ್ಸ್-ರೇಯಲ್ಲಿ ಮೂಡುವುದಿಲ್ಲ. ಚಿಕ್ಕ ಮಕ್ಕಳ ಫಿಲ್ಮಿನಲ್ಲೂ ಹೀಗೇ ಸಂದು ಕಾಣುತ್ತದೆ. "ಅಯ್ಯೋ, ಮುರಿದಿದೆಯಾ ಸಾರ್?" ಅಂತ ತಾಯಂದಿರು ಗಾಬರಿಯಾಗುತ್ತಾರೆ. ಬೆಳೆಯುವ ಮೂಳೆ ಅಮ್ಮಾ, ಏನೂ ಆಗಿಲ್ಲ ಅಂತ ಎಷ್ಟು ಸಲ ಹೇಳಿದ್ದೇನೋ.

ಬೆಳಿಗ್ಗೆ ನಮ್ಮ ರೇಡಿಯಾಲಜಿ ಮೇಡಂಗೆ ಕಪ್ಪೆ ತೋರಿಸಿದೆ. ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು.

"ಚೆನ್ನಾಗಿದೆ ಕಣ್ರೀ. ಆದ್ರೆ ಎಡ-ಬಲ ಮಾರ್ಕರ್ ಎಲ್ಲಿ? ರಿಪೀಟ್ ತೆಗೀರಿ."