ಇಪ್ಪತ್ತಕ್ಕೇ ಮುಗಿದ ಒಬ್ಬ ಸ್ಕಿಪಿಯೋ

ರೋಮ್‌ನಲ್ಲಿ ಕೊಲೋಸಿಯಂ ನೋಡಿದ್ದಾಯಿತು, ಟ್ರೆವಿ ಕಾರಂಜಿಯ ಜಂಗುಳಿಯಲ್ಲಿ ನಿಂತದ್ದೂ ಆಯಿತು. ನನಗೆ ಹೇಳಬೇಕಿರುವುದು ವ್ಯಾಟಿಕನ್ ಮ್ಯೂಸಿಯಂನಲ್ಲಿರುವ ಕೆಲವು ಕಲ್ಲುಗಳ ಬಗ್ಗೆ.

ಅದಕ್ಕೂ ಮೊದಲು ಟಿಕೆಟ್ ವಿಷಯ. ಕೊರಳಿಗೆ ಕಾರ್ಡ್ ನೇತುಹಾಕಿಕೊಂಡು ರಸ್ತೆಯಲ್ಲೇ ಹಿಡಿದು, ಕ್ಯೂ ಇಲ್ಲದೆ ಒಳಗೆ ಕಳಿಸ್ತೀವಿ ಅನ್ನುವವರಿಗೆ ದಯವಿಟ್ಟು ದುಡ್ಡು ಕೊಡಬೇಡಿ. ನಮ್ಮಿಂದ ಜಾಸ್ತಿ ದುಡ್ಡು ತೆಗೆದುಕೊಂಡವನು ಅದೇ ಕ್ಯೂನ ಕೊನೆಯಲ್ಲಿ ನಿಲ್ಲಿಸಿ ಹೋದ. ಆ ಸಿಟ್ಟು ಇನ್ನೂ ಇಳಿದಿಲ್ಲ. ಮ್ಯೂಸಿಯಂನ ವೆಬ್‌ಸೈಟ್‌ನಲ್ಲೇ ಬುಕ್ ಮಾಡಿ.

ಒಳಗೆ ಎಲ್ಲರಿಗೂ ಸಿಸ್ಟೀನ್ ಚಾಪೆಲ್ ಸೇರುವ ಅವಸರ. ಸ್ಕಿಪಿಯೋ ಬಾರ್ಬಾಟಸ್‌ನ ಕಲ್ಲಿನ ಶವಪೆಟ್ಟಿಗೆಯ ಮುಂದೆ ಮಾತ್ರ ಆರಾಮಾಗಿ ನಿಲ್ಲಬಹುದಿತ್ತು. ಇವನು ಕ್ರಿ.ಪೂ. 298ರಲ್ಲಿ ಕಾನ್ಸಲ್, ಅಂದರೆ ರೋಮ್‌ನ ಇಬ್ಬರು ಆಡಳಿತ ಮುಖ್ಯಸ್ಥರಲ್ಲಿ ಒಬ್ಬ, ಆಗಿದ್ದವನು. ಶೂರ, ವಿವೇಕಿ, ಗುಣಕ್ಕೆ ತಕ್ಕ ರೂಪ ಇದ್ದವನು ಅಂತ ಅದರ ಮೇಲೆ ಕೆತ್ತಿದ್ದಾರೆ. ಆಮೇಲೆ ಹುದ್ದೆಗಳು: ಕಾನ್ಸಲ್, ಸೆನ್ಸರ್ (ಜನಗಣತಿ ನೋಡಿಕೊಳ್ಳುವವನು), ಈಡೈಲ್ (ಊರಿನ ಕಟ್ಟಡ, ಮಾರುಕಟ್ಟೆ ನೋಡಿಕೊಳ್ಳುವವನು). ಆಮೇಲೆ ಗೆದ್ದ ಊರುಗಳು. ಆಪಿಯನ್ ರಸ್ತೆಯ ಪಕ್ಕದ ಇವರ ಮನೆತನದ ಸಮಾಧಿ 1780ರಲ್ಲಿ ಒಂದು ದ್ರಾಕ್ಷಿ ತೋಟದಲ್ಲಿ ಸಿಕ್ಕಿತು. ಈಗ ಅಲ್ಲಿರುವುದು ಬರೀ ನಕಲು, ಮೂಲ ಕಲ್ಲುಗಳು ವ್ಯಾಟಿಕನ್‌ನಲ್ಲಿವೆ.

ಲ್ಯಾಟಿನ್ ಓದುತ್ತಿರುವ ನನ್ನ ಅಕ್ಕನ ಮಗಳು ಜೊತೆಗಿದ್ದಳು. ಅದೇ ಮನೆತನದ ಇನ್ನೊಂದು ಬರಹವನ್ನು ಓದುತ್ತಾ ಹೋದಳು. ಇಪ್ಪತ್ತನೇ ವಯಸ್ಸಿಗೆ ತೀರಿಕೊಂಡ ಒಬ್ಬ ಲೂಸಿಯಸ್ ಸ್ಕಿಪಿಯೋನದು. ಚಿಕ್ಕ ವಯಸ್ಸು, ದೊಡ್ಡ ವಿವೇಕ, ಗುಣದಲ್ಲಿ ಯಾರಿಗೂ ಸೋಲದವನು ಅಂತೆಲ್ಲಾ ಇದೆ.

"ಮಾಮಾ, ಕೊನೇ ಸಾಲು ಕೇಳಿ. ಇವನಿಗೆ ಯಾವ ಅಧಿಕಾರ ಸಿಕ್ಕಿತ್ತು ಅಂತ ಕೇಳಬೇಡಿ, ಯಾವುದೂ ಸಿಗಲಿಲ್ಲ ಅಂತಿದೆ."

"ಅದನ್ನೂ ಯಾಕೆ ಕೆತ್ತಿಸಬೇಕಿತ್ತು?"

"ನೋಡೋಕೆ ಬಂದವರು ಕೇಳೇ ಕೇಳ್ತಾರಲ್ಲ, ಅದಕ್ಕೆ."

ನನಗೆ ಮುಂದೆ ಹೋಗಲು ಆಗಲಿಲ್ಲ. ರೋಮ್‌ನಲ್ಲಿ ಅಧಿಕಾರಕ್ಕೆ ಚುನಾವಣೆಗೆ ನಿಲ್ಲಬೇಕಾದರೆ ಮೊದಲು ಹತ್ತು ವರ್ಷ ಸೇನೆಯಲ್ಲಿ ದುಡಿದಿರಬೇಕು ಅಂತ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ. ಅಂದರೆ ಈ ಹುಡುಗನಿಗೆ ಸರದಿಯೇ ಬಂದಿರಲಿಲ್ಲ. ಕಡಿಮೆ ಬಿದ್ದದ್ದು ಆಯಸ್ಸು, ಯೋಗ್ಯತೆ ಅಲ್ಲ ಅಂತ ಮನೆಯವರು ಕಲ್ಲಿನಲ್ಲೇ ವಾದ ಮಾಡಿದ್ದಾರೆ. ಹುದ್ದೆಯೇ ದೊಡ್ಡದು ಅಂತ ನಂಬಿದ್ದ ಮನೆತನ ಅದು, ಆದರೂ ಹುದ್ದೆ ಸಿಗದ ಹುಡುಗನಿಗೂ ತಮ್ಮ ಸಾಲಿನಲ್ಲೇ ಜಾಗ ಕೊಟ್ಟರು. ಬಾರ್ಬಾಟಸ್‌ನ ಇಡೀ ಪಟ್ಟಿಗಿಂತ ನನಗೆ ಈ ಒಂದು ಸಾಲು ಹೆಚ್ಚು ಹಿಡಿಸಿತು.

ಸಂಜೆ ರೋಮ್‌ನ ನಡುವೆಯೇ ಇರುವ ಲಾರ್ಗೋ ಅರ್ಜೆಂಟೀನಾ ಅನ್ನುವ ಚೌಕಕ್ಕೆ ಹೋದೆವು. ಅಲ್ಲಿ 'ಈ ದಿನದ ಅದೃಷ್ಟ' ಅನ್ನುವ ದೇವತೆಯ ದುಂಡನೆಯ ಗುಡಿಯ ಆರು ಕಂಬ ಉಳಿದಿವೆ. ಕ್ರಿ.ಪೂ. 101ರ ಯುದ್ಧದಲ್ಲಿ ರೋಮನ್ ಸೇನಾಪತಿ ಕ್ಯಾಟುಲಸ್ ಹರಕೆ ಹೊತ್ತು ಕಟ್ಟಿಸಿದ್ದು. ಅದರ ಹಿಂದೆಯೇ ಸೇನಾಪತಿ ಪಾಂಪೆ ಕಟ್ಟಿಸಿದ ಸಭಾಭವನದ ಅಡಿಪಾಯ, ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್‌ನನ್ನು ಇರಿದ ಜಾಗ. ಆಜೀವ ಸರ್ವಾಧಿಕಾರಿ ಅನ್ನಿಸಿಕೊಂಡು ಹೆಚ್ಚು ದಿನ ಆಗಿರಲಿಲ್ಲ ಅವನಿಗೆ. 2023ರಿಂದ ಅಲ್ಲಿ ಕೆಳಗಿಳಿದು ಓಡಾಡಲು ದಾರಿ ಇದೆ. ಮೇಲಿನ ರಸ್ತೆಯಿಂದಲೇ ಫೋಟೋ ತೆಗೆದು ಹೊರಟುಬಿಡಬೇಡಿ, ಇಳಿದೇ ನೋಡಿ.