ಆಟದಲ್ಲಿ ಒಬ್ಬ ಮೋಸ ಮಾಡ್ತಿದ್ದಾನೆ, ಏನ್ ಮಾಡೋದು?

ದಾವಣಗೆರೆಯಲ್ಲಿ ನಾವೊಂದಿಷ್ಟು ಜನ ಭಾನುವಾರ ಸೇರಿ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಆಟ ನಡೆಸುವ ಡಂಜನ್ ಮಾಸ್ಟರ್ ನಾನು. ಹೊಸದಾಗಿ ಗುಂಪು ಕಟ್ಟಿದವರು ಸಿಕ್ಕಾಗೆಲ್ಲ ಇದನ್ನೇ ಕೇಳುತ್ತಾರೆ: "ಅಣ್ಣಾ, ನಮ್ಮಲ್ಲಿ ಒಬ್ಬ ದಾಳದಲ್ಲಿ ಸುಳ್ಳು ಹೇಳ್ತಾನೆ. ಹೊರಗೆ ಹಾಕೋದಾ, ಸುಮ್ನಿರೋದಾ?"

ಸದ್ಯಕ್ಕೆ ಎರಡೂ ಬೇಡ. ಮೊದಲು ದಾಳವನ್ನು ಮೇಜಿನ ನಡುವೆ ತನ್ನಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇದನ್ನು ಹೊರತಂದರು. ಒಬ್ಬೊಬ್ಬರಿಗೂ ಒಂದು ಪಾತ್ರ. ಆ ಪಾತ್ರ ಏನು ಮಾಡುತ್ತದೆ ಅಂತ ನೀವು ಹೇಳುತ್ತೀರಿ, ಅದು ಆಯಿತೋ ಇಲ್ಲವೋ ಅಂತ 20 ಮುಖದ ದಾಳ ಹೇಳುತ್ತದೆ. ಆಟಗಾರರ ನಡುವೆ ಗೆದ್ದವರು, ಸೋತವರು ಅಂತ ಇಲ್ಲ. ಹಾಗಿದ್ದರೆ ಮೋಸದಿಂದ ಯಾರಿಗೇನು ನಷ್ಟ ಅಂತೀರಾ?

ನಮ್ಮ ಕಥೆ ನಡೆಯುವುದು ಚಿತ್ರದುರ್ಗದ ಏಳು ಸುತ್ತಿನ ಕೋಟೆಯಂಥದ್ದೇ ಒಂದು ಕೋಟೆಯಲ್ಲಿ. ಬಂಡೆ ಸಂದಿಯ ಕಿಂಡಿಯೊಳಗೆ ಒಬ್ಬೊಬ್ಬರೇ ತೆವಳಬೇಕು, ಆಚೆ ಕಾವಲಿನವನು ನಿಂತಿದ್ದಾನೆ. ಓಬವ್ವನ ಕಿಂಡಿ ನೋಡಿದವರಿಗೆ ಆ ಭಯವನ್ನು ಹೇಳಿಕೊಡಬೇಕಿಲ್ಲ. ಆದರೆ ಒಬ್ಬನಿಗೆ ಯಾವಾಗಲೂ 18, 19, 20 ಬೀಳುತ್ತಿದ್ದರೆ ಭಯ ಎಲ್ಲಿಂದ ಬರಬೇಕು? ಪಕ್ಕದಲ್ಲಿ ಕೂತ ಹುಡುಗಿ ಗಾಯ ವಾಸಿ ಮಾಡುವ ಪಾತ್ರವನ್ನು ಪ್ರೀತಿಯಿಂದ ಕಟ್ಟಿಕೊಂಡು ಬಂದಿರುತ್ತಾಳೆ. ಇವನಿಗೆ ಗಾಯವೇ ಆಗುವುದಿಲ್ಲ, ಬೇರೆಯವರಿಗೆ ಆಗುವ ಮೊದಲೇ ಎಲ್ಲವನ್ನೂ ಇವನೇ ಮುಗಿಸಿಬಿಡುತ್ತಾನೆ, ಅವಳು ಸಂಜೆಯೆಲ್ಲ ಸುಮ್ಮನೆ ಕೂರುತ್ತಾಳೆ. ನನಗೆ ಸಿಟ್ಟು ಬರೋದು ಇದಕ್ಕೇ.

ಹಾಗಂತ ಒಂದು ಸಂಜೆಯ ಅದೃಷ್ಟ ನೋಡಿ ಯಾರನ್ನೂ ಕಳ್ಳ ಅನ್ನಬೇಡಿ. 18 ಅಥವಾ ಜಾಸ್ತಿ ಬೀಳುವ ಸಾಧ್ಯತೆ ನೂರಕ್ಕೆ 15. ಸತತ ನಾಲ್ಕು ಸಲ ಹಾಗೆ ಬೀಳೋದು ಸುಮಾರು 2000ಕ್ಕೆ ಒಂದು ಸಲ. ಅಪರೂಪ, ಆದರೂ ಆಗುತ್ತದೆ. ಅಂಕೆಗಿಂತ ಕೈ ಮೇಲೆ ಕಣ್ಣಿಡಿ. ದಾಳ ನಿಲ್ಲುವ ಮೊದಲೇ ಎತ್ತಿಕೊಳ್ಳೋದು, ಕಡಿಮೆ ಬಿದ್ದರೆ "ಇದು ಸುಮ್ನೆ ಹಾಕಿದ್ದು" ಅಂತ ಮತ್ತೆ ಹಾಕೋದು, ಇವೆಲ್ಲ ಗೊತ್ತಾಗುತ್ತವೆ. ಮಂತ್ರದ ಲೆಕ್ಕವನ್ನೂ ನೋಡಿ. ಐದನೇ ಹಂತದ ಮಾಂತ್ರಿಕನಿಗೆ ಮೂರನೇ ಹಂತದ ಸ್ಲಾಟ್, ಅಂದರೆ ಆ ಹಂತದ ಮಂತ್ರ ಹಾಕುವ ಅವಕಾಶ, ಇರೋದು 2. ಫೈರ್‌ಬಾಲ್ ಆ ಹಂತದ ಬೆಂಕಿ ಉಂಡೆಯ ಮಂತ್ರ. ಮಧ್ಯೆ ವಿಶ್ರಾಂತಿಯೇ ಇಲ್ಲದೆ ಮೂರನೇ ಫೈರ್‌ಬಾಲ್ ಹಾರಿತು ಅಂದರೆ ಕೇಳಲೇಬೇಕು. ಹೊಸಬರಾದರೆ ಲೆಕ್ಕ ತಪ್ಪಿರುತ್ತೆ ಅಷ್ಟೇ, ಅದನ್ನು ಮೋಸ ಅನ್ನಬಾರದು.

ಚೌಕಾಬಾರದಲ್ಲಿ ಕವಡೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು "ಎಂಟು ಬಿತ್ತು" ಅಂದರೆ ಯಾವ ಅಜ್ಜಿ ಒಪ್ತಾಳೆ? ಇಲ್ಲೂ ಅದೇ ನಿಯಮ ಇಡಿ. ನಡುವೆ ಒಂದು ತಟ್ಟೆ, ಎಲ್ಲರ ದಾಳವೂ ಅದರಲ್ಲೇ, ಅಂಕೆ ಓದೋದು ಪಕ್ಕದವರು. ಮಾಸ್ಟರ್‌ಗೂ ಇದೇ ನಿಯಮ ಇರಬೇಕು. ಪರದೆ ಹಿಂದೆ ದಾಳ ಹಾಕಿ ಕಥೆಗೆ ಬೇಕಾದ ಅಂಕೆ ಹೇಳುವ ಮಾಸ್ಟರ್‌ಗಳು ಬಹಳ ಜನ ಇದ್ದಾರೆ. ನಾನದನ್ನು ಒಪ್ಪುವುದಿಲ್ಲ. ನನ್ನ ರಾಕ್ಷಸನ ಏಟೂ ಎಲ್ಲರೆದುರೇ ಬೀಳುತ್ತದೆ.

ಆಮೇಲೆ ಅವನೊಬ್ಬನನ್ನೇ ಬೆಣ್ಣೆದೋಸೆಗೆ ಕರೆದುಕೊಂಡು ಹೋಗಿ. ಗುಂಪಿನೆದುರು ಹೇಳಿದರೆ ಅವಮಾನಕ್ಕೆ ಜಗಳ ಆಡುತ್ತಾನೆ. "ಯಾಕೋ ಹೀಗೆ?" ಅಂತ ನೇರವಾಗಿ ಕೇಳಿ. ನಾನು ಕಂಡಂತೆ ಹೆಚ್ಚಿನವರಿಗೆ ಇರೋದು ತಮ್ಮ ಪಾತ್ರ ಸತ್ತುಹೋಗುತ್ತೆ ಅನ್ನುವ ಭಯ, ಇಲ್ಲ ಎಲ್ಲರೆದುರು ಕೈಲಾಗದವನ ಥರ ಕಾಣೋ ಭಯ. ಮೊದಲನೆಯದಕ್ಕೆ ನಿಯಮದಲ್ಲೇ ಉತ್ತರ ಇದೆ. ಸಾಮಾನ್ಯವಾಗಿ ಹಿಟ್ ಪಾಯಿಂಟ್, ಅಂದರೆ ಜೀವದ ಅಂಕೆ, ಸೊನ್ನೆಯಾದ ತಕ್ಷಣ ಪಾತ್ರ ಸಾಯುವುದಿಲ್ಲ. ಡೆತ್ ಸೇವ್, ಅಂದರೆ ಜೀವ ಉಳಿಸಿಕೊಳ್ಳೋಕೆ ಹಾಕುವ ದಾಳ, ಮೂರು ಸಲ ತಪ್ಪಬೇಕು, ಅಷ್ಟರಲ್ಲಿ ಗೆಳೆಯರು ಬಂದು ಎಬ್ಬಿಸಬಹುದು. ಎರಡನೆಯದು ಮಾಸ್ಟರ್ ಕೈಯಲ್ಲಿದೆ. 3 ಬಿದ್ದಾಗ "ಆಗಲಿಲ್ಲ, ಮುಂದಿನವರು" ಅಂತ ಮುಗಿಸಬೇಡಿ. ಕಾವಲಿನವನು ದೀವಟಿಗೆ ಎತ್ತಿ ಕಿಂಡಿ ಕಡೆ ನಡೆದು ಬರಲಿ, ನೀನೀಗ ಏನು ಮಾಡ್ತೀಯ ಅಂತ ಅವನನ್ನೇ ಕೇಳಿ. ಸೋತಾಗಲೂ ಮಾಡೋದಕ್ಕೆ ಏನಾದರೂ ಇದೆ ಅಂತಾದರೆ ಸುಳ್ಳು ಹೇಳುವ ಅಗತ್ಯ ಕಡಿಮೆಯಾಗುತ್ತದೆ.

ಇಷ್ಟಾದ ಮೇಲೂ ಮುಂದುವರಿಸಿದರೆ ಗುಂಪಿನಿಂದ ಬಿಡಿಸಿ. ಸೇಡಿಗೆ ಅಂತ ಅವನ ಪಾತ್ರದ ಮೇಲೆ ಡ್ರ್ಯಾಗನ್ ಬಿಡಬೇಡಿ, ಅದರಿಂದ ಉಳಿದವರ ಕಥೆಯೂ ಕೆಡುತ್ತದೆ. "ಮುಂದಿನ ವಾರದಿಂದ ಆಟಕ್ಕೆ ಬರಬೇಡಪ್ಪಾ" ಅಂತ ಕಾರಣ ಸಮೇತ ಹೇಳಿ. ಅವನ ಪಾತ್ರವನ್ನು ಕಥೆಯಿಂದ ಹೇಗೆ ಕಳಿಸಿಕೊಡಬೇಕು ಅಂತ ಮಾತ್ರ ಅವನನ್ನೇ ಕೇಳಿ, ಅವನು ಹೇಳಿದ ಹಾಗೇ ಮಾಡಿ.